ತಟಸ್ಥ ಅಪ್ಪನ ತಂಬಿಗೆ

ಬದುಕಿಡೀ ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. 'ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ' ಎಂಬ ಪ್ರಶ್ನೆಗೆ ಸಿಕ್ಕಸಿಕ್ಕ ಪದಗಳನ್ನೆಲ್ಲ ಕೊಟ್ಟಿದ್ದೇನೆ, 'ತಟಸ್ಥ' ಎಂಬುದೊಂದನ್ನು ಬಿಟ್ಟು. ಒಂದು ವರ್ಷ ನನ್ನ ಜೊತೆಯ ಮಾಸ್ತರರೊಬ್ಬರು ಪ್ರಶ್ನೆಪತ್ರಿಕೆ ತೆಗೆದರು. ಆ ಪದವನ್ನೂ ಸೇರಿಸಿಬಿಟ್ಟರು. ತಿದ್ದುವ ಕೆಲಸ ಮಾತ್ರ ನನ್ನ ತಲೆಗೆ ಬಂತು. ಒಬ್ಬ ಹುಡುಗಿ ಬರೆದಿದ್ದಳು: 'ಮನೆಯಲ್ಲಿ ಜಗಳವಾದಾಗ ನಮ್ಮ ತಂದೆಯವರು ತಟಸ್ಥರಾಗಿರುತ್ತಾರೆ.' ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಪೂರ್ತಿ ಅಂಕ ಕೊಟ್ಟೆ. ಕೊಟ್ಟು, ಪೆನ್ನಿನ ಟೋಪಿ ಹಾಕಿ, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಅಷ್ಟು ಸಿಟ್ಟು ಬಂದಿತ್ತು.

ಆ ಸಿಟ್ಟು ಎಪ್ಪತ್ತರ ದಶಕದ್ದು. ನಮ್ಮ ಅಪ್ಪನ ಮೇಲಿನದು.

ನಮ್ಮೂರು ಟಿಕೋಟಾ. ಅಪ್ಪ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಮಳೆ ನಂಬಿದ ಒಂದಿಷ್ಟು ಹೊಲ, ಅದರಲ್ಲಿ ಜೋಳ, ಕಡಲೆ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಅಪ್ಪನಿಗೆ ಹೆಸರು ಬಂದದ್ದು ಹೊಲದಿಂದಲ್ಲ, ನ್ಯಾಯ ಹೇಳುವುದರಿಂದ. ಅಣ್ಣತಮ್ಮಂದಿರು ಬೇರೆಯಾಗಬೇಕು, ಬದುವಿನ ಮೇಲಿನ ಬೇವಿನ ಮರ ಯಾರದೆಂದು ಗೊತ್ತಾಗಬೇಕು, ಕನಮಡಿಯಲ್ಲಿ ಯಾರದೋ ಕುರಿ ಯಾರದೋ ಪೈರಿಗೆ ನುಗ್ಗಿದೆ, ಅಪ್ಪನನ್ನು ಕರೆ. ಕಟ್ಟೆಯ ಮೇಲೆ ಕೂತು ಬೆಳಿಗ್ಗೆಯಿಂದ ಸಂಜೆತನಕ ಎರಡೂ ಕಡೆಯವರ ಮಾತು ಕೇಳುವ ತಾಳ್ಮೆ ಅಪ್ಪನಿಗಿತ್ತು. ಮನೆಯಲ್ಲಿ ಅವ್ವ ಎರಡು ಮಾತಾಡಿದರೆ ಮೂರನೆಯದಕ್ಕೆ ಎದ್ದು ಹೋಗುತ್ತಿದ್ದ, ಅದು ಬೇರೆ ಮಾತು.

ನ್ಯಾಯಕ್ಕೆ ಹೋಗುವಾಗ ಅಪ್ಪನ ಕೈಯಲ್ಲಿ ಒಂದು ಹಿತ್ತಾಳೆ ತಂಬಿಗೆ ಇರುತ್ತಿತ್ತು. ಪಂಚನಾಗಿ ಕೂತವನು ಅಂದು ಎರಡೂ ಮನೆಯ ನೀರು ಮುಟ್ಟಬಾರದು ಎಂಬುದು ನಮ್ಮ ಕಡೆ ಹಳಬರು ಪಾಲಿಸುತ್ತಿದ್ದ ರೀತಿ. ಒಂದು ಮನೆಯ ಚಹಾ ಕುಡಿದರೆ ಇನ್ನೊಂದು ಮನೆಯವರಿಗೆ ಅನುಮಾನ. ಉಳಿದ ಪಂಚರು ಹಸಿವು ತಾಳಲಾರದೆ ಎಲ್ಲಾದರೂ ಮರೆಗೆ ಹೋಗಿ ಏನಾದರೂ ತಿಂದು ಬರುತ್ತಿದ್ದರು. ಅಪ್ಪ ಹಾಗಲ್ಲ. ನಮ್ಮ ಮನೆಯ ನೀರು ತುಂಬಿದ ತಂಬಿಗೆಗೆ ಬಿಳಿ ಬಟ್ಟೆ ಮುಚ್ಚಿಕೊಂಡು ಹೋಗಿ, ದಿನವೆಲ್ಲ ಅದನ್ನೇ ಕುಡಿದು ಬರುತ್ತಿದ್ದ. ಆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೆಳಗಿ, ನೀರು ತುಂಬಿ ಕೊಡುವವಳು ನಮ್ಮ ಅಕ್ಕ. ನನಗೆ ಆ ಕೆಲಸ ಹೇಳುತ್ತಿರಲಿಲ್ಲ. ನಾನು ಕುಕ್ಕಿ ಇಡುತ್ತೇನೆಂದು ಅಪ್ಪನಿಗೆ ಗೊತ್ತಿತ್ತು. ಅಪ್ಪ ತಂಬಿಗೆ ಹಿಡಿದು ಬಸ್ಸಿಗೆ ನಿಂತರೆ ಜನ ಕೇಳುತ್ತಿದ್ದರು, "ಇವತ್ತ ಯಾವೂರ ಜಗಳರಿ?"

ತಟಸ್ಥ ಎಂಬ ಪದ ಅಪ್ಪನಿಗೆ ಸಿಕ್ಕಿದ್ದು ಪತ್ರಿಕೆಯಿಂದ. ಪಕ್ಕದ ಮನೆಯ ಕಾಕಾ ಅಪ್ಪನ ಬಾಲ್ಯದ ಗೆಳೆಯರು. ತಲೆತಲಾಂತರದಿಂದ ಟಿಕೋಟಾದಲ್ಲೇ ಇದ್ದ ಮುಸ್ಲಿಂ ಮನೆತನ ಅವರದು. ಈಗಿನ ವಿಜಯಪುರದಲ್ಲಿ, ಆಗ ನಮ್ಮ ಬಾಯಲ್ಲಿ ಅದು ಇಜಾಪುರ, ಅವರದೊಂದು ಕಾಳಿನ ಅಂಗಡಿ ಇತ್ತು. ಅಲ್ಲಿಂದ ಬರುವಾಗ ಪತ್ರಿಕೆ ತರುತ್ತಿದ್ದರು. ಎರಡು ದೊಡ್ಡ ದೇಶಗಳ ನಡುವೆ ಯಾರ ಕಡೆಗೂ ಸೇರದೆ ನಿಂತ ದೇಶಗಳ ಸುದ್ದಿ ಆಗ ದಿನಾ ಬರುತ್ತಿತ್ತು. ಅಪ್ಪ ಓದಿ ತಲೆದೂಗಿದ. ತಾನು ಇಷ್ಟು ವರ್ಷ ಮಾಡಿಕೊಂಡು ಬಂದ ಕೆಲಸಕ್ಕೆ ಇಂಥದೊಂದು ದೊಡ್ಡ ಹೆಸರಿದೆ ಎಂದು ಗೊತ್ತಾದ ಮೇಲೆ ಅವನನ್ನು ಹಿಡಿಯುವವರೇ ಇಲ್ಲವಾಯಿತು. ಅಲ್ಲಿಯವರೆಗೆ "ನಾ ಯಾರ ಕಡಿಗೂ ಇಲ್ಲಪಾ" ಎನ್ನುತ್ತಿದ್ದವನು, ಆಮೇಲೆ ಎದೆಯುಬ್ಬಿಸಿ "ನಾ ತಟಸ್ಥ" ಎನ್ನತೊಡಗಿದ.

ಊರಿಗೆ ಇದು ಒಳ್ಳೆಯದೇ ಇದ್ದೀತು. ಮನೆಯಲ್ಲಿ ಇಂಥವನ ಜೊತೆ ಬದುಕಿ ನೋಡಿ. ಅಜ್ಜಿಗೂ ಅವ್ವನಿಗೂ ಮಾತು ಬೆಳೆದರೆ ಅಪ್ಪ ರೊಟ್ಟಿ ಕೈಯಲ್ಲಿ ಹಿಡಿದು ಕಟ್ಟೆಗೆ ಹೋಗುತ್ತಿದ್ದ. ಸಂತೆಯಲ್ಲಿ ಅವ್ವ ಎರಡು ಸೀರೆ ಎತ್ತಿ ಯಾವುದು ಚೆನ್ನ ಎಂದು ಕೇಳಿದರೆ "ಎರಡೂ ಚೊಲೋ ಅದಾವ" ಎನ್ನುತ್ತಿದ್ದ. ಅವ್ವ ಎರಡನ್ನೂ ಅಲ್ಲೇ ಒಗೆದು ಬರಿಗೈಲಿ ಬರುತ್ತಿದ್ದಳು. ಒಮ್ಮೆ ಒಂದು ಕೆಂಪು ರಿಬ್ಬನ್ನಿಗಾಗಿ ಅಕ್ಕನೂ ನಾನೂ ಕೂದಲು ಹಿಡಿದು ಜಗಳಾಡಿದೆವು. ಅಪ್ಪ ಇಬ್ಬರ ಮಾತನ್ನೂ ಪೂರ್ತಿ ಕೇಳಿದ. ಕೇಳಿ, ಕತ್ತರಿ ತಂದು ಸರಿಯಾಗಿ ನಡುವೆ ಕತ್ತರಿಸಿ ಆಚೆಗರ್ಧ ಈಚೆಗರ್ಧ ಕೊಟ್ಟ. ಒಂದು ಜಡೆಗೂ ಸಾಲಲಿಲ್ಲ. ಅಪ್ಪ ಮಾತ್ರ ನ್ಯಾಯ ಮುಗಿಸಿದ ಸಮಾಧಾನದಲ್ಲಿ ಅಡಿಕೆ ಕತ್ತರಿಸುತ್ತ ಕೂತ.

ಅಕ್ಕ ನನ್ನ ಹಾಗಲ್ಲ. ಸಣ್ಣ ದನಿಯವಳು, ಹಿಡಿದದ್ದು ಬಿಡದವಳು. ಇಜಾಪುರದಲ್ಲಿ ಇದ್ದು ಶಿಕ್ಷಕಿಯರ ತರಬೇತಿ ಮುಗಿಸಿದಳು. ಮುಗಿಸಿದ ಕೂಡಲೇ ಬಬಲೇಶ್ವರದಿಂದ ಒಂದು ಸಂಬಂಧ ಬಂತು. ಹೊಲಮನೆ ಇದ್ದವರು. ನಿಶ್ಚಯದ ದಿನ ನಮ್ಮ ಪಡಸಾಲೆಯಲ್ಲಿ ಕೂತು ಅವಳ ಮಾವ ಆಗಲಿದ್ದವರು, ನಮ್ಮ ಬೀಗರು, ತುಂಬಿದ ಬಾಯಲ್ಲಿ ಹೇಳಿದ್ದರು: "ಕಲಿತ ಹುಡುಗಿ. ನೌಕರಿ ಬಂದ್ರ ಮಾಡ್ಲಿ. ನಮಗೇನ ಅಡ್ಡಿ ಇಲ್ರಿ." ಬಾಯಲ್ಲಿದ್ದದ್ದು ನಮ್ಮ ಮನೆಯ ಶೇಂಗಾ ಹೋಳಿಗೆ. ಅದು ಗಂಟಲಿಳಿದ ಮೇಲೆ ಮಾತೂ ಇಳಿಯಿತು ಎಂದು ಕಾಣುತ್ತದೆ.

ಮದುವೆಯಾಗಿ ವರ್ಷ ತುಂಬುವುದರೊಳಗೆ ಅಕ್ಕನಿಗೆ ಆರ್ಡರು ಬಂತು. ಬಿಜ್ಜರಗಿಯ ಪ್ರಾಥಮಿಕ ಶಾಲೆ. ಆ ತಿಂಗಳು ಮುಗಿಯುವುದರೊಳಗೆ ಹಾಜರಾಗಬೇಕು, ಇಲ್ಲವಾದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಬಬಲೇಶ್ವರದ ಮನೆಯಲ್ಲಿ ಬೆಂಕಿ ಬಿತ್ತು. ಅತ್ತೆ ಹಣೆ ಬಡಿದುಕೊಂಡಳು. "ಸೊಸೀನ ಬಿಜ್ಜರಗಿಗೆ ಕಳಿಸಿ ನಾ ಈ ವಯಸ್ಸಿನ್ಯಾಗ ರೊಟ್ಟಿ ಬಡೀಲೇನು?" ಬೀಗರು ತಾವು ಹಾಗೆ ಒಪ್ಪಿಯೇ ಇರಲಿಲ್ಲ ಎಂದರು. ನಮ್ಮ ಭಾವ, ಅಕ್ಕನ ಗಂಡ, ಒಳ್ಳೆಯ ಮನುಷ್ಯ. ಅವನಿಗೂ ನಮ್ಮಪ್ಪನ ಗಾಳಿಯೇ ಬಡಿದಿತ್ತೋ ಏನೋ. ಅಕ್ಕ ಅವನನ್ನು ಕೇಳಿದರೆ, "ಅವ್ವ ಅನ್ನೂದೂ ಖರೇ ಐತಿ, ನೀ ಅನ್ನೂದೂ ಖರೇ ಐತಿ" ಎಂದನಂತೆ. ಅಕ್ಕ ಒಂದು ಚೀಲದಲ್ಲಿ ಎರಡು ಸೀರೆ ಹಾಕಿಕೊಂಡು ಬಸ್ಸು ಹತ್ತಿ ಟಿಕೋಟಾಕ್ಕೆ ಬಂದು ಕೂತಳು.

ನಮಗೆ ಅಣ್ಣತಮ್ಮಂದಿರಿಲ್ಲ. ಸೋದರಮಾವ ಇದ್ದವನೊಬ್ಬ, ತೀರಿಕೊಂಡಿದ್ದ. ಅಕ್ಕನ ಪರವಾಗಿ ಬಬಲೇಶ್ವರಕ್ಕೆ ಹೋಗಿ 'ನೀವು ಅಂದ ಮಾತು ಇದು' ಎಂದು ಹೇಳಬೇಕಾದವನು ಅಪ್ಪ ಒಬ್ಬನೇ. ಅವ್ವ ಅಪ್ಪನ ಅಂಗಿ ಒಗೆದು ಒಣಗಿಸಿ, ಮಡಿಕೆ ಮಾಡಿ ಇಟ್ಟಳು. ಅಷ್ಟರಲ್ಲಿ ಬಬಲೇಶ್ವರದಿಂದ ಬೀಗರ ತಮ್ಮ ಬಂದ. ಬೀಗರು ಹೇಳಿ ಕಳಿಸಿದ್ದರು: ಮಾತು ಬೆಳೆಸುವುದು ಬೇಡ, ನ್ಯಾಯ ಮಾಡಿಸೋಣ, ಪಂಚರಾಗಿ ಬೇರೆ ಯಾರೂ ಬೇಡ, ನೀವೇ ಕೂತು ಹೇಳಿ. "ನೀವು ತಟಸ್ಥರು, ಇಡೀ ಸೀಮಿಗೆ ಗೊತ್ತೈತಿ. ನೀವು ಹೇಳಿದ್ದಕ್ಕ ನಮ್ಮದೇನೂ ತಕರಾರಿಲ್ಲ ಅಂತ ಅಣ್ಣ ಹೇಳ್ಯಾನ್ರಿ."

ಆ ಬೀಗರ ಬುದ್ಧಿಗೆ ಈಗಲೂ ಕೈಮುಗಿಯಬೇಕು. ಅಪ್ಪನನ್ನು ಅವರು ನಮಗಿಂತ ಚೆನ್ನಾಗಿ ಓದಿಕೊಂಡಿದ್ದರು. ಪಕ್ಷಪಾತಿ ಅನ್ನಿಸಿಕೊಳ್ಳುವ ಹೆದರಿಕೆಗೆ ಈ ಮನುಷ್ಯ ಸ್ವಂತ ಮಗಳ ಕಡೆಗೆ ಕೂದಲೆಳೆಯಷ್ಟೂ ವಾಲುವುದಿಲ್ಲ, ವಾಲಿದರೆ ಆಚೆಗೇ ವಾಲುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಅಪ್ಪ ಒಬ್ಬನೇ. ಅವನ ಮುಖ ಅರಳಿದ್ದನ್ನು ಅವ್ವ ನೋಡಿದಳು. "ಬೀಗರು ಸುದ್ದಾ ನನ್ನ ಒಪ್ಪತಾರ ನೋಡು" ಎಂದನಂತೆ.

"ಒಪ್ಪದ ಏನ ಮಾಡ್ತಾರ್ರಿ?" ಅವ್ವ ಅಂದಳಂತೆ. "ಹುಡುಗಿ ಕಡ್ಯಾಂವನ್ನ ಎತ್ತಿ ಕಟ್ಟಿ ಮ್ಯಾಲ ಕುಂಡ್ರಿಸಿದ್ರ ಜಗಳಾನ ಮುಗೀತಲ್ಲ."

ಅಪ್ಪನಿಗೆ ಅದು ಕೇಳಿಸಲಿಲ್ಲ. ಒಪ್ಪಿಕೊಂಡುಬಿಟ್ಟ.

ನಾನಾಗ ಇಜಾಪುರದಲ್ಲಿ ಕಾಲೇಜಿನ ಮೊದಲ ವರ್ಷ. ಆ ಭಾನುವಾರ ಊರಿಗೆ ಬಂದರೆ ಅವ್ವ ಒಲೆಯ ಮುಂದೆ, ಅಕ್ಕ ಹಿತ್ತಲಲ್ಲಿ. ಅಪ್ಪ ಎಲ್ಲಿ ಎಂದರೆ ಅವ್ವ ಪಕ್ಕದ ಮನೆಯ ಕಡೆ ಲಟ್ಟಣಿಗೆ ತೋರಿಸಿದಳು. ಆಗಿದ್ದಿಷ್ಟು: ಪಂಚನಾಗಿ ಒಪ್ಪಿಕೊಂಡ ಮೇಲೆ ಅಪ್ಪ ಕೂತು ಯೋಚಿಸಿದ್ದಾನೆ. ಎರಡೂ ಕಡೆಯವರ ಮನೆಯ ನೀರು ಮುಟ್ಟಬಾರದು. ಒಂದು ಕಡೆ ಬಬಲೇಶ್ವರದ ಮನೆ. ಇನ್ನೊಂದು ಕಡೆ ಯಾವುದು? ನಮ್ಮದೇ. ಹಾಗಾಗಿ ನ್ಯಾಯ ಮುಗಿಯುವವರೆಗೆ ನಮ್ಮ ಮನೆಯ ಊಟ ಬಂದ್, ನೀರು ಬಂದ್. ಪಕ್ಕದ ಕಾಕಾನ ಪಡಸಾಲೆಯಲ್ಲಿ ಚಹಾ, ಚುರುಮುರಿ, ಶೇಂಗಾ ತಿಂದುಕೊಂಡು ಕೂತಿದ್ದಾನೆ. ರಾತ್ರಿ ಮಲಗುವುದಕ್ಕೆ ಮಾತ್ರ ನಮ್ಮ ಕಟ್ಟೆಗೆ ಬರುತ್ತಾನೆ, ಯಾಕೆಂದರೆ ನಿದ್ದೆಯ ವಿಷಯದಲ್ಲಿ ಹಳಬರು ಏನೂ ಹೇಳಿಟ್ಟಿರಲಿಲ್ಲ.

ನಗು ಬರಬೇಕಾದ ಮಾತು. ನನಗೆ ಬರಲಿಲ್ಲ, ಯಾಕೆಂದರೆ ಅವ್ವ ಮುಂದಿನದನ್ನೂ ಹೇಳಿದಳು. ಹಿಂದಿನ ದಿನ ಅಕ್ಕ ಅಭ್ಯಾಸಬಲದಿಂದ ತಂಬಿಗೆ ಬೆಳಗಿ, ನೀರು ತುಂಬಿ, ಬಿಳಿ ಬಟ್ಟೆ ಮುಚ್ಚಿ ಕಟ್ಟೆಯ ಮೇಲೆ ಇಟ್ಟಿದ್ದಳು. ಅಪ್ಪ ಬಂದು ನೋಡಿದ. ತಂಬಿಗೆ ಎತ್ತಿಕೊಂಡು ಹೋಗಿ ಅವಳ ಕಣ್ಣೆದುರಿಗೇ ನೀರನ್ನು ತುಳಸಿಯ ಬುಡಕ್ಕೆ ಸುರಿದು, ಖಾಲಿ ತಂಬಿಗೆ ಹಿಡಿದು ಕಾಕಾನ ಮನೆಗೆ ನಡೆದ.

ನಾನು ಚಪ್ಪಲಿ ಮೆಟ್ಟಿಕೊಂಡು ಅದೇ ವೇಗದಲ್ಲಿ ಪಕ್ಕದ ಮನೆಗೆ ಹೋದೆ. ಕಾಕಾನೂ ತಲೆ ಚಚ್ಚಿಕೊಂಡು ಕೂತಿದ್ದರು. ನನ್ನನ್ನು ಕಂಡು, "ಬಾ ಯವ್ವಾ, ನೀನರ ಹೇಳು. ಮನಿ ರೊಟ್ಟಿ ತಿಂದ್ರ ಪಕ್ಷಪಾತ ಆಗತೈತಂತ ನಿಮ್ಮಪ್ಪಗ" ಎಂದರು.

ಕಾಲೇಜಿನಲ್ಲಿ ಆ ವಾರವೇ ನಮ್ಮ ಕನ್ನಡ ಅಧ್ಯಾಪಕರು ಯಾವುದೋ ಪಾಠದಲ್ಲಿ ಆ ಪದ ಬಿಡಿಸಿ ಹೇಳಿದ್ದರು. ತಟ ಅಂದರೆ ದಂಡೆ. ದಂಡೆಯ ಮೇಲೆ ನಿಂತವನು ತಟಸ್ಥ. ನನಗೆ ಬೇಕಾದದ್ದೇ ಸಿಕ್ಕಿದಂತಾಗಿತ್ತು. "ಯಪ್ಪಾ, ತಟಸ್ಥ ಅಂದ್ರ ಏನ ಗೊತ್ತೈತೇನು? ಹೊಳಿ ದಂಡಿ ಮ್ಯಾಲ ಸುಮ್ನ ನಿಂತಾಂವ ಅಂತ ಅರ್ಥ."

ಅಪ್ಪ ಚುರುಮುರಿಯ ತಟ್ಟೆಯಿಂದ ತಲೆ ಎತ್ತಿದ. ಸಿಟ್ಟಾಗಲಿಲ್ಲ. ಅವನು ಸಿಟ್ಟಾಗುತ್ತಲೂ ಇರಲಿಲ್ಲ, ಅದೇ ನಮ್ಮ ದೊಡ್ಡ ಕಷ್ಟ. "ಹೌದಲ್ಲ ಮತ್ತ. ದಂಡಿ ಮ್ಯಾಲ ನಿಂತಾಂವಗ ಎರಡೂ ಕಡಿ ಕಾಣತೈತಿ."

"ಕಾಣತೈತಿ. ಕಾಣೂದಷ್ಟ. ಹೊಳ್ಯಾಗ ಮುಳುಗಾಕತ್ತಾಕಿ ನಿನ್ನ ಮಗಳು."

"ನ್ಯಾಯದಾಗ ಮಗಳು ಅನ್ನೂದ ಬರೂದಿಲ್ಲ" ಎಂದ. "ನಾಳೆ ಅವರಿಗೆ ಏನ ಹೇಳ್ಲಿ? ಮಂದಿಗೆ ಒಂದು ನ್ಯಾಯ, ಮನಿಗೆ ಒಂದು ನ್ಯಾಯ ಅಂತಾರ."

ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಇದೇ ಆ ಪದದ ಶನಿ. ಅದನ್ನು ಹಿಡಿದವನು ಯಾವತ್ತೂ ಸರಿಯಾಗಿಯೇ ಮಾತಾಡುತ್ತಿರುತ್ತಾನೆ. ಎದುರಿಗೆ ನಿಂತವರು ಮಾತ್ರ ಹುಚ್ಚರಂತೆ ಕೂಗಾಡುತ್ತಿರುತ್ತಾರೆ. ನಾನೂ ಕೂಗಾಡಿ ಮನೆಗೆ ಬಂದೆ.

ನ್ಯಾಯಕ್ಕೆ ಜಾಗವೂ ತಟಸ್ಥವೇ ಆಗಬೇಕಲ್ಲ. ಟಿಕೋಟಾ ಬೇಡ, ಬಬಲೇಶ್ವರ ಬೇಡ, ಇಜಾಪುರದಲ್ಲಿ ಕಾಕಾನ ಅಂಗಡಿಯ ಹಿಂದಿನ ಅಂಗಳ ಎಂದು ಗೊತ್ತಾಯಿತು. ತಿಂಗಳು ಮುಗಿಯಲು ವಾರವಷ್ಟೇ ಉಳಿದಿತ್ತು. ನಾವೆಲ್ಲ ಒಂದೇ ಬಸ್ಸಿಗೆ ಹೋದೆವು, ಆದರೆ ಅಪ್ಪ ಮುಂದೆ, ಡ್ರೈವರನ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ಪಕ್ಷಗಾರರ ಜೊತೆ ಕೂಡುವಂತಿಲ್ಲವಂತೆ. ನಾನು ಹಟ ಹಿಡಿದು ಅವನ ಪಕ್ಕದಲ್ಲೇ ಹೋಗಿ ಕುಕ್ಕರಿಸಿದೆ. ನಾನು ಪಕ್ಷಗಾರಳೋ ಅಲ್ಲವೋ ಎಂದು ಅಪ್ಪ ಒಂದಷ್ಟು ಹೊತ್ತು ಯೋಚಿಸಿದ್ದು ಕಂಡಿತು. ದಾರಿಯಲ್ಲಿ ಒಂದು ಇಳಿಜಾರು ಬರುತ್ತದೆ. ಅಲ್ಲಿ ಡ್ರೈವರ್ ಗೇರಿನ ಕೋಲನ್ನು ನಡುವಿಗೆ, ನ್ಯೂಟ್ರಲ್ಲಿಗೆ, ಎಳೆದು ಕೈಬಿಟ್ಟ. ಇಂಜಿನ್ನಿನ ಸದ್ದು ಅಡಗಿತು. ಹಿಂದಿನಿಂದ ಯಾರೋ ಗಾಡಿ ಕೆಟ್ಟಿತೇನು ಎಂದು ಕೂಗಿದರು. "ಕೆಟ್ಟಿಲ್ರಿ, ನೂಟ್ಲ್ ಹಾಕೀನಿ, ಡೀಸೆಲ್ ಉಳೀತೈತಿ" ಎಂದ ಡ್ರೈವರ್. ಬಸ್ಸು ತನ್ನಷ್ಟಕ್ಕೆ ಉರುಳುತ್ತ ಹೊರಟಿತು.

ನನಗೆ ಬಾಯಿ ಕಟ್ಟಲಾಗಲಿಲ್ಲ. "ನೋಡು ಯಪ್ಪಾ. ನೂಟ್ಲ್ ಅಂದ್ರೂ ತಟಸ್ಥನ. ಗಾಡಿ ನಿಂತೈತೇನು? ಇಳಿಜಾರು ಯಾ ಕಡಿಗೈತಿ ಆ ಕಡಿಗೇ ಹೊಂಟೈತಿ."

ಅಪ್ಪ ಕಿಟಕಿಯ ಕಡೆ ತಿರುಗಿದ. ತಂಬಿಗೆ ತೊಡೆಯ ಮೇಲಿತ್ತು. ಅದರಲ್ಲಿ ಕಾಕಾನ ಮನೆಯ ನೀರು.

ಅಂಗಳದಲ್ಲಿ ಒಂದು ಬೇವಿನ ಮರ, ಒಂದು ಬದಿ ಜೋಳದ ಚೀಲಗಳ ಅಟ್ಟಿ. ಮರದ ಕೆಳಗೆ ಹೊರಸು ಹಾಕಿ ಅಪ್ಪನನ್ನು ಕೂರಿಸಿದರು. ಎಡಕ್ಕೊಂದು ಜಮಖಾನೆ, ಅದರ ಮೇಲೆ ಬೀಗರು, ಅವರ ಹೆಂಡತಿ, ತಮ್ಮ, ತಲೆ ತಗ್ಗಿಸಿದ ಭಾವ. ಬಲಕ್ಕೆ ಇನ್ನೊಂದು ಜಮಖಾನೆ. ಅದರ ಮೇಲೆ ಅವ್ವ, ಅಕ್ಕ, ನಾನು. ಮೂರೂ ಜನ ಹೆಂಗಸರು. ಆಗಲೇ ನನಗೆ ಏನೋ ತಪ್ಪಿದೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಕಾಕಾ ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದರು. ಜಾಗ ಕೊಟ್ಟವನು ನ್ಯಾಯದಲ್ಲಿ ಮಾತಾಡಬಾರದು ಎಂಬುದೂ ಒಂದು ರೀತಿ. ಅಪ್ಪ ಅದನ್ನು ಅವರಿಗೆ ಮೊದಲೇ ನೆನಪಿಸಿದ್ದನಂತೆ.

ಬೀಗರು ಮಾತಾಡಿದರು. ಬಹಳ ಹೊತ್ತು, ಬಹಳ ಚೆನ್ನಾಗಿ ಮಾತಾಡಿದರು. ಸೊಸೆಯನ್ನು ಮಗಳಂತೆ ನೋಡಿಕೊಂಡಿದ್ದೇವೆ ಎಂದರು. ಮನೆಯಲ್ಲಿ ದುಡಿಯುವ ಕೈ ಇಲ್ಲ ಎಂದರು. ದಿನಾ ಬಸ್ಸಿನಲ್ಲಿ ಅಡ್ಡಾಡಿದರೆ ಜನ ಏನಂದಾರು ಎಂದರು. ಕೊನೆಗೆ, "ನಾವೇನ ಪೂರಾ ಬ್ಯಾಡ ಅನ್ನಾಕತ್ತಿಲ್ರಿ. ಎರಡ ವರ್ಷ ತಡೀಲಿ. ಆಮ್ಯಾಲ ನೋಡೂಣು. ನೀವ ನಡುವಿಂದು ಏನ ಐತಿ ಅದನ್ನ ಹೇಳ್ರಿ" ಎಂದರು. ಅಪ್ಪ ತಲೆದೂಗಿದ. ನನ್ನ ಕಣ್ಣ ಮುಂದೆ ಆ ಕೆಂಪು ರಿಬ್ಬನ್ ಬಂತು. ಎರಡು ವರ್ಷ ತಡೆದರೆ ಬಿಜ್ಜರಗಿಯ ಆ ಕುರ್ಚಿ ಯಾರಿಗೆ ಕಾಯುತ್ತದೆ?

ಅಪ್ಪನ ನ್ಯಾಯದಲ್ಲಿ ಒಂದು ನೇಮವಿತ್ತು, ಅವನ ಹೆಮ್ಮೆ ಅದು. ಎರಡೂ ಕಡೆಯವರು ಬಾಯಿಬಿಟ್ಟು ಹೇಳದ ಹೊರತು ತೀರ್ಪು ಇಲ್ಲ. ಅದನ್ನೇ ಪಾಲಿಸಿದ. ಬೇವಿನ ಮರದ ಕಡೆ ನೋಡುತ್ತ, ನೂರು ಕಟ್ಟೆಗಳ ಮೇಲೆ ಕೇಳಿದ್ದ ಅದೇ ದನಿಯಲ್ಲಿ ಕೇಳಿದ: "ಹುಡುಗಿ ಕಡ್ಯಾಂವ ಯಾರದಾನ? ಮಾತಾಡ್ಲಿ."

ಅವ್ವ ಸೆರಗು ಸರಿಮಾಡಿಕೊಂಡು, "ನಾ ಅದೀನ್ರಿ, ನಾ ಹೇಳ್ತೀನಿ" ಎಂದಳು. ಬೀಗರು ನಕ್ಕರು. "ಹೆಣ್ಣಮಕ್ಕಳು ಹೇಳೂ ರೀತಿ ಐತೇನ್ರಿ? ನಿಮ್ಮ ಪದ್ಧತಿ ನೀವ ಹೇಳ್ರಿ."

ಅಪ್ಪ ಹೇಳಿದ. ಹೌದು, ಆ ಮನುಷ್ಯ ಹೇಳಿದ. "ಖರೇ ಐತಿ. ತವರಿನ ಗಂಡಸ ಹೇಳಬೇಕು. ಹುಡುಗಿ ಕಡ್ಯಾಂವ ಯಾರದಾನ?"

ನನಗೆ ಎದ್ದು ಆ ತಂಬಿಗೆಯನ್ನು ಒದೆಯಬೇಕು ಅನ್ನಿಸಿತು. ಅವ್ವ ನನ್ನ ಮುಂಗೈ ಹಿಡಿದಿದ್ದಳು, ಬಳೆ ಮುರಿಯುವ ಹಾಗೆ. ಕಾಕಾ ಹಿಂಬಾಗಿಲಲ್ಲಿ ಚಡಪಡಿಸುತ್ತಿದ್ದರು. ಅಷ್ಟರಲ್ಲಿ ಅಕ್ಕ ಎದ್ದು ನಿಂತಳು. ಸೆರಗು ತಲೆಯ ಮೇಲೆ, ದನಿ ಅದೇ ಸಣ್ಣದು. ಹುಟ್ಟಿದಾಗಿನಿಂದ ಅಪ್ಪನನ್ನು 'ನೀ' ಎಂದೇ ಕರೆದವಳು, ಅವತ್ತು ಪರಊರಿನ ದೊಡ್ಡವರ ಮುಂದೆ ನಿಂತ ಹಾಗೆ ಕೈಮುಗಿದು ಹೇಳಿದಳು:

"ಹಿರ್ಯಾರ, ಪಂಚರು ನೀವ ಬಂದೀರಿ. ನಮ್ಮಪ್ಪ ಇನ್ನಾ ಬಂದಿಲ್ರಿ. ನಮ್ಮಪ್ಪನ್ನ ಕರಿಸಿ ಕೊಡ್ರಿ. ಅಂವಾ ಬಂದ ಮ್ಯಾಲ ಮಾತಾಡ್ತಾನ."

ಹೇಳಿ ಕೂತಳು. ಬೀಗರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಗಿ, "ಇದೇನ ಹುಡುಗಾಟ ಹಚ್ಚೀಯವಾ" ಎಂದರು. ಅಪ್ಪ ಅವರ ಕಡೆ ನೋಡಲಿಲ್ಲ. ಅಕ್ಕನ ಕಡೆ ನೋಡುತ್ತಿದ್ದ. ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಪಾಪ ಅನ್ನಿಸಲಿಲ್ಲ. ಎದ್ದೇಳು, ಎದ್ದೇಳು ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಅದಕ್ಕೂ ಅವನು ಎಷ್ಟು ಹೊತ್ತು ತೆಗೆದುಕೊಂಡ! ಹೊರಸಿನಿಂದ ಏಳುವುದಕ್ಕೆ ಅಷ್ಟು ಹೊತ್ತು ಬೇಕೆ?

ಎದ್ದ. ತಂಬಿಗೆಯನ್ನು ಅಲ್ಲೇ ಹೊರಸಿನ ಕೆಳಗೆ ಬಿಟ್ಟು ಬಂದು, ನಮ್ಮ ಜಮಖಾನೆಯ ಮೇಲೆ, ಅಕ್ಕನ ಪಕ್ಕದಲ್ಲಿ ಮಂಡಿ ಮಡಚಿ ಕೂತ. "ನೀರ ಕೊಡವಾ" ಎಂದ.

ಅವ್ವ ಮನೆಯಿಂದ ಒಂದು ಚೊಂಬು ನೀರು ತಂದಿದ್ದಳು. ಅಕ್ಕ ಬಗ್ಗಿಸಿ ಕೊಟ್ಟಳು. ಅಪ್ಪ ಗಟಗಟ ಕುಡಿದ, ಅಂಗಿಯ ಮೇಲೆ ಚೆಲ್ಲಿಕೊಂಡು ಕುಡಿದ. ಬೀಗರು ಎದ್ದು ನಿಂತೇ ಬಿಟ್ಟರು. "ಇದೇನ್ರಿ ಬೀಗರ! ಒಂದು ಕಡಿ ಆದ್ರೆಲಾ!"

"ಹೌದ್ರಿ. ಆದೆ" ಎಂದ ಅಪ್ಪ. ಆಮೇಲೆ ಬಾಯೊರೆಸಿಕೊಂಡು ಹೇಳಿದ: "ನಿಶ್ಚಯದ ದಿನ ನಮ್ಮ ಪಡಸಾಲ್ಯಾಗ ಕುಂತು, ನೌಕರಿ ಬಂದ್ರ ಮಾಡ್ಲಿ ಅಂದ್ರಿ. ನಾ ಕೇಳೀನಿ. ಪಂಚ ಆಗಿ ಕುಂತಾಗ ಅದನ್ನ ಹೇಳಾಕ ಬರ್ತಿದ್ದಿಲ್ಲ. ಈಗ ಹುಡುಗಿ ಅಪ್ಪ ಆಗಿ ಹೇಳ್ತೀನಿ. ಅಂದ್ರಿ ಇಲ್ಲೋ?"

ಆ ಮಾತು ಅಪ್ಪನ ಹೊಟ್ಟೆಯಲ್ಲಿ ಇಷ್ಟು ದಿನ ಇತ್ತು! ಚುರುಮುರಿ ತಿನ್ನುತ್ತ ಅದನ್ನೂ ನುಂಗಿಕೊಂಡು ಕೂತಿದ್ದ! ಬೀಗರು ಏನೋ ಹೇಳಲು ಹೋದರು. ಅಷ್ಟರಲ್ಲಿ ಆಚೆ ಜಮಖಾನೆಯಿಂದ ಭಾವನ ದನಿ ಬಂತು, ನೆಲ ನೋಡುತ್ತಲೇ: "ಅಂದಿದ್ದು ಖರೇ ಐತ್ಯಪಾ. ನಾನೂ ಅಲ್ಲೇ ಕುಂತಿದ್ದೆ." ಅವನ ತಾಯಿ ಅವನ ಭುಜಕ್ಕೆ ಒಂದು ಗುದ್ದಿದಳು. ಆದರೂ ಅವನು ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಅವತ್ತು ಒಬ್ಬನನ್ನು ನೋಡಿ ಇನ್ನೊಬ್ಬ ದಂಡೆ ಬಿಟ್ಟಿಳಿದ ಎಂದು ನಾನು ತಿಳಿದುಕೊಂಡಿದ್ದೇನೆ.

ಪಂಚನೇ ಇಲ್ಲದ ನ್ಯಾಯಕ್ಕೆ ತೀರ್ಪೆಲ್ಲಿಯದು? ಗದ್ದಲದಲ್ಲೇ ಎಲ್ಲರೂ ಎದ್ದರು. ಕಾಕಾ ಬಾಯಿ ತುಂಬ ನಗುತ್ತ ಎಲ್ಲರಿಗೂ ಚಹಾ ತರಿಸಿದರು, ಬೀಗರು ಮುಟ್ಟಲಿಲ್ಲ. ಮುಂದಿನ ಸೋಮವಾರ ಅಕ್ಕ ಬಿಜ್ಜರಗಿಯಲ್ಲಿ ಹಾಜರಾದಳು. ಬಿಡಲು ಹೋದವನು ಅಪ್ಪ. ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತಿದ್ದನಂತೆ. ಭಾವ ಕೆಲವು ತಿಂಗಳು ಆಚೆ ಈಚೆ ಮಾಡಿ, ಕೊನೆಗೆ ಬಿಜ್ಜರಗಿಯಲ್ಲೇ ಒಂದು ದ್ರಾಕ್ಷಿ ತೋಟ ಪಾಲಿಗೆ ಹಿಡಿದು ಅಕ್ಕನ ಜೊತೆ ಇದ್ದ. ಅತ್ತೆಯ ಸಿಟ್ಟು ಇಳಿಯಲು ಬಹಳ ದಿನ ಹಿಡಿಯಿತು. ಇಳಿದ ಮೇಲೆ ಅದೇ ಹೆಂಗಸು ಬಬಲೇಶ್ವರದ ಸಂತೆಯಲ್ಲಿ ಕಂಡಕಂಡವರಿಗೆಲ್ಲ "ನಮ್ಮ ಸೊಸಿ ಸಾಲಿ ಕಲಸ್ತಾಳ್ರಿ, ನಾನ ನೌಕರಿ ಮಾಡ್ಸಾಕತ್ತೀನಿ" ಎಂದು ಹೇಳಿಕೊಂಡು ತಿರುಗಿದಳು. ಇಂಥದನ್ನೆಲ್ಲ ಕೇಳಿಕೊಂಡು ಸುಮ್ಮನಿರಬೇಕು.

ಅಪ್ಪ ನ್ಯಾಯ ಹೇಳುವುದನ್ನು ಬಿಡಲಿಲ್ಲ. ತಂಬಿಗೆಯನ್ನೂ ಬಿಡಲಿಲ್ಲ. ಆದರೆ ಕರೆಯಲು ಬಂದವರನ್ನು ಮೊದಲು ಕೇಳುತ್ತಿದ್ದ, "ಇದರಾಗ ನಮ್ಮ ಮಂದಿ ಯಾರರ ಅದಾರೇನು?" ಇದ್ದಾರೆ ಎಂದರೆ, "ಹಂಗಾರ ನಾ ಬರೂದಿಲ್ಲ, ಅಥವಾ ಅವರ ಕಡ್ಯಾಂವ ಆಗಿ ಬರ್ತೀನಿ" ಎನ್ನುತ್ತಿದ್ದ. ತಟಸ್ಥ ಎಂಬ ಪದವನ್ನು ನನ್ನೆದುರು ಮತ್ತೆ ಆಡಲಿಲ್ಲ. ಆಡಿದ್ದರೆ ಏನಾಗುತ್ತಿತ್ತು ಎಂದು ಅವನಿಗೆ ಗೊತ್ತಿತ್ತು.

ಇಷ್ಟಾದರೂ ನನ್ನ ಸಿಟ್ಟು ಇಳಿದಿಲ್ಲ. ಕೊನೆಗೆ ಎಲ್ಲ ಸರಿಹೋಯಿತಲ್ಲ ಎಂದು ಈಗ ನನ್ನ ಮಕ್ಕಳು ಹೇಳುತ್ತಾರೆ. ಏನು ಸರಿಹೋಯಿತು? ಅಪ್ಪ ಎದುರಿಗೇ ಕೂತಿರುವಾಗ, ನಮ್ಮಪ್ಪನನ್ನು ಕರೆಸಿ ಎಂದು ಒಬ್ಬ ಮಗಳು ನಾಲ್ಕು ಜನರ ಮುಂದೆ ಕೈಮುಗಿದು ಕೇಳಬೇಕಾಯಿತಲ್ಲ.

ಅಪ್ಪ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಒಮ್ಮೆ ಅಕ್ಕನ ಜೊತೆ ಕೂತು ಕಡಲೆ ಬಿಡಿಸುವಾಗ ಈ ಮಾತು ಬಂತು. ಅಪ್ಪ ಅವತ್ತು ಹೊರಸಿನಿಂದ ಏಳದೇ ಇದ್ದಿದ್ದರೆ, ಎರಡು ವರ್ಷ ತಡಿ ಎಂದೇ ತೀರ್ಪು ಹೇಳಿದ್ದರೆ, ನಿನ್ನ ನೌಕರಿಯ ಗತಿ ಏನಾಗುತ್ತಿತ್ತು ಎಂದು ಕೇಳಿದೆ.

ಅಕ್ಕ ಕಡಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನೌಕರಿಗೇನಾಗ್ತಿತ್ತ ಬೇ? ಅಂವಾ ಏನ ಹೇಳಿದ್ರೂ ಸೋಮವಾರ ಹೋಗಿ ಹಾಜರಾಗಾಕೀನ ಇದ್ದೆ" ಎಂದಳು. "ಇಜಾಪುರಕ್ಕ ನಾ ನೌಕರಿ ಸಲುವಾಗಿ ಬಂದಿದ್ದಿಲ್ಲ. ನನಗ ಅಪ್ಪ ಅದಾನೋ ಇಲ್ಲೋ ನೋಡಾಕ ಬಂದಿದ್ದೆ."